ಅಳಿಯ ತೋರಿಸಿದ ಜಪಾನು

"ಮಾವ, ನೀವು ಬೇಜಾರೇ ಮಾಡ್ಕೋಬೇಡಿ. ಜಪಾನ್ ತಾನೇ? ಒಂದೇ ದಿನದಲ್ಲಿ ತೋರಿಸಿಬಿಡ್ತೀನಿ! ವೀಸಾ ಬೇಡ, ವಿಮಾನ ಬೇಡ, ಸಾಯಂಕಾಲ ಮನೆಗೆ ಬಂದು ಬಿಸಿ ಬಿಸಿ ತಿಳಿಸಾರು!"

ಪೃಥ್ವಿ ಹೀಗೆ ಘೋಷಿಸಿದಾಗ ಅವನ ಬಾಯಲ್ಲಿ ಅರ್ಧ ದೋಸೆಯಿತ್ತು. ಅತ್ತೆ ಹುಯ್ದ ದೋಸೆ ಬಾಯಲ್ಲಿರುವಾಗ ಅಳಿಯನಾದವನು ಪ್ರತಿಜ್ಞೆ ಮಾಡಕೂಡದು ಎಂದು ಯಾವ ಶಾಸ್ತ್ರಕಾರರೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಆ ಆಗಸ್ಟ್ ತಿಂಗಳಲ್ಲಿ ಎರಡು ಖಂಡಗಳ ನಡುವೆ ನಡೆದ ಬೀಗರ ಸಮರವೊಂದು ತಪ್ಪುತ್ತಿತ್ತು.

ಚಟ್ನಿ ಬಡಿಸುತ್ತಿದ್ದ ಹೆಂಡತಿ ತನುಶ್ರೀ ಸೌಟು ಹಿಡಿದೇ ನಿಂತಳು. "ಅಲ್ಲಾ ರೀ, ಮೊನ್ನೆ ನನ್ನನ್ನ ತರಕಾರಿ ಅಂಗಡಿಗೆ ಅಂತ ಕರ್ಕೊಂಡು ಹೋಗಿ ಮುಕ್ಕಾಲು ಗಂಟೆ ಕಾಲುವೆ ಸುತ್ತಿಸಿದ್ದು ನೀವೇ ತಾನೇ?"

ಅಪ್ಪ ಅಮ್ಮನ ಮುಂದೆ ಮಾತ್ರ ಅವಳು ಗಂಡನನ್ನು 'ರೀ' ಎನ್ನುವುದು. ಉಳಿದ ಹೊತ್ತಿನಲ್ಲಿ ಬಳಸುವ ಸಂಬೋಧನೆಗಳನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

"ಅದು ದಾರಿ ತಪ್ಪಿದ್ದಲ್ಲ, ಸಿಟಿ ಟೂರ್!" ಎಂದ ಪೃಥ್ವಿ, ದೋಸೆ ನುಂಗಿ.

ಮಾವ ಜಯದೇವ, ಅತ್ತೆ ಇಂದಿರಮ್ಮ ಮೈಸೂರಿನಿಂದ ಹಾಲೆಂಡಿನ ಡೆಲ್ಫ್ಟ್‌ಗೆ ಬಂದದ್ದು ಫೆಬ್ರವರಿಯಲ್ಲಿ, 'ಟ್ಯೂಲಿಪ್ ನೋಡ್ಕೊಂಡು ಬಂದ್ಬಿಡೋಣ' ಎಂದು. ಅವರ ಬೆನ್ನಿಗೇ ಕೊರೋನಾ ಬಂತು. ವಿಮಾನಗಳು ನಿಂತವು. ಟ್ಯೂಲಿಪ್‌ಗಳು ಯಾರ ಅಪ್ಪಣೆಗೂ ಕಾಯದೆ ಅರಳಿ, ಯಾರ ಫೋಟೋಕ್ಕೂ ಸಿಗದೆ ಉದುರಿದವು. ಆ ಪುಟ್ಟ ಫ್ಲ್ಯಾಟಿನಲ್ಲಿದ್ದ ಒಂದೇ ಒಂದು ಬೆಡ್‌ರೂಮು ಹಿರಿಯರ ಪಾಲಾಯಿತು, ಸೋಫಾ ತನುಶ್ರೀಯ ಪಾಲಾಯಿತು, ಭೂಮಿ ಪೃಥ್ವಿಯ ಪಾಲಾಯಿತು. ಅವನ ಆಫೀಸು ವಾಷಿಂಗ್ ಮಷೀನಿನ ಮೇಲೆ ಸ್ಥಾಪನೆಗೊಂಡಿತು. ಅವನು ಸಾಫ್ಟ್‌ವೇರ್ ಟೆಸ್ಟರು. ಊರವರ ತಪ್ಪು ಹುಡುಕಲೆಂದೇ ಸಂಬಳ ಪಡೆಯುವವನು. ಮಷೀನು ಬಟ್ಟೆ ಹಿಂಡುವ ಹೊತ್ತಿಗೆ ಸರಿಯಾಗಿ ಮೀಟಿಂಗ್ ಬಂದರೆ ಲ್ಯಾಪ್‌ಟಾಪ್ ಗಡಗಡ ಅದುರಿ, ಪರದೆಯ ಮೇಲೆ ಅವನ ಮುಖ ಮೈಮೇಲೆ ದೇವರು ಬಂದವರ ಹಾಗೆ ಕುಣಿಯುತ್ತಿತ್ತು. ಡಚ್ ಸಹೋದ್ಯೋಗಿಗಳು ಅದನ್ನು ಕೆಲಸದ ಮೇಲಿನ ಉತ್ಸಾಹವೆಂದು ತಿಳಿದಿದ್ದರು.

ಜಯದೇವ ರೇಷ್ಮೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಸೇವೆಯಲ್ಲಿದ್ದಾಗ ಜಪಾನಿನಿಂದ ಬಂದ ತಜ್ಞರೊಬ್ಬರ ಜೊತೆ ವರ್ಷಗಟ್ಟಲೆ ಹಿಪ್ಪುನೇರಳೆ ತೋಟ ಸುತ್ತಿ, ಅವರಿಂದ ಸೊಂಟ ಬಗ್ಗಿಸಿ ನಮಸ್ಕರಿಸುವುದನ್ನು ಕಲಿತಿದ್ದರು. ಪ್ರತಿಯಾಗಿ ಅವರಿಗೆ ಮುದ್ದೆ ನುಂಗುವುದನ್ನು ಕಲಿಸಿದ್ದರು. ಆದರೆ ಇಲಾಖೆಯಿಂದ ಜಪಾನಿಗೆ ಹೋಗುವ ಭಾಗ್ಯ ಬಂದಾಗ, ಹೋದದ್ದು ಮಾತ್ರ ರಾಣೆಬೆನ್ನೂರಿನ ಗೆಳೆಯ ಬಸವಂತಪ್ಪ. ಬಂದ ಮೇಲೆ ಬಸವಂತಪ್ಪನವರು ಮಳೆ, ಬೆಳೆ, ಮಂಡಿನೋವು, ಯಾವ ಮಾತನ್ನಾದರೂ ಸರಿಯೆ, 'ನಾವು ಜಪಾನಿನ್ಯಾಗ ಇದ್ದಾಗ' ಎಂದೇ ಶುರುಮಾಡತೊಡಗಿದರು. ಆ ಒಂದು ವಾಕ್ಯದ ಬಾಯಿ ಮುಚ್ಚಿಸಲೆಂದೇ ಜಯದೇವ ಬೆಂಗಳೂರಿನ ಟೂರಿನವರ ಬಳಿ ಹೆಸರು ಬರೆಸಿದ್ದರು. ಅಡುಗೆಭಟ್ಟರೂ ಜೊತೆಯಲ್ಲೇ ಬರುವ, ಬೆಳಿಗ್ಗೆ ಉಪ್ಪಿಟ್ಟು ತಿನ್ನಿಸಿ ಮಧ್ಯಾಹ್ನ ಬುದ್ಧನನ್ನು ತೋರಿಸುವ ಪ್ರವಾಸ. ಕೊರೋನಾ ಅದನ್ನೂ ನುಂಗಿ ನೀರು ಕುಡಿಯಿತು.

ಈಗ, ಅಂತೂ ಇಂತೂ, ಭಾನುವಾರದ ವಿಶೇಷ ವಿಮಾನದಲ್ಲಿ ಹಿರಿಯರಿಬ್ಬರಿಗೂ ಸೀಟು ಸಿಕ್ಕಿತ್ತು. ಸಿಗಲೇಬೇಕಿತ್ತು! ಮೈಸೂರಿನಲ್ಲಿ ಕಿರಿಯ ಮಗಳು ಭಾವನಾ ತುಂಬು ಬಸುರಿ. ಚೊಚ್ಚಲ ಬಾಣಂತನ ತವರಿನದು. ಸೀಮಂತಕ್ಕೆ ಹೋಗಲಾಗದೆ ಇಂದಿರಮ್ಮ ಡೆಲ್ಫ್ಟ್‌ನಲ್ಲೇ ಕೂತು ಹಸಿರು ಸೀರೆಯನ್ನೂ ಬಳೆಯನ್ನೂ ಫೋನಿನ ಕ್ಯಾಮೆರಾಕ್ಕೆ ಹಿಡಿದು ಅತ್ತಿದ್ದರು. ಭಾವನಾಳ ಅತ್ತೆ ಗಿರಿಜಮ್ಮ ಆ ದಿನ ಏನೂ ಅಂದಿರಲಿಲ್ಲ. ಬೀಗಿತ್ತಿಯೊಬ್ಬಳು ಏನೂ ಅನ್ನದಿರುವುದು ಎಂಥ ಭಯಂಕರ ವಿದ್ಯಮಾನವೆಂದು ಬಲ್ಲವರೇ ಬಲ್ಲರು. ವಿಮಾನ ಇಳಿದು, ಕ್ವಾರಂಟೈನ್ ಮುಗಿಸಿ, ಹೆರಿಗೆಯ ಹೊತ್ತಿಗೆ ಇಂದಿರಮ್ಮ ಮಗಳ ಪಕ್ಕದಲ್ಲಿರಬೇಕು. ಆ ಮನೆಯಲ್ಲಿ ನಾಲ್ವರೂ ಉಸಿರಾಡುತ್ತಿದ್ದುದು ಈ ಒಂದು ಕಾರ್ಯಕ್ಕಾಗಿ.

ತನುಶ್ರೀ ಗಂಡನನ್ನು ವಾಷಿಂಗ್ ಮಷೀನಿನ ಮೂಲೆಗೆ ಒತ್ತಿ ಹಿಡಿದಳು. "ತಲೆ ನೆಟ್ಟಗಿದೆಯಾ ನಿಂಗೆ? ಭಾನುವಾರ ಫ್ಲೈಟು. ಅಮ್ಮಂಗೆ ಒಂದೇ ಒಂದು ಸೀನು ಬಂದ್ರೂ ಏರ್‌ಪೋರ್ಟಲ್ಲಿ ಹತ್ತಿಸಲ್ಲ. ಆಮೇಲೆ ಭಾವನಾ ಗತಿ?"

"ಸೀನು ಬರಲ್ಲ ತನು. ಬರದ ಹಾಗೆ ನಾನು ನೋಡ್ಕೋತೀನಿ."

"ಸೀನೂ ನಿನ್ ಟೀಮಲ್ಲಿದೆಯಾ, ಬರಬೇಡ ಅಂದ್ರೆ ಬರದೇ ಇರೋಕೆ?"

"ನಿಮ್ಮಪ್ಪನ ಮುಖ ನೋಡಿದೀಯಾ? ಆ ಬಸವಂತಪ್ಪ ಫೋನ್ ಮಾಡಿದ ದಿನ ಅವರಿಗೆ ಊಟಾನೇ ಸೇರಲ್ಲ."

ಇದು ನಿಜವಾಗಿತ್ತು. ತನುಶ್ರೀಯ ಹಿಡಿತ ಸಡಿಲವಾಯಿತು. "ಏನಾದ್ರೂ ಆಗ್ಲಿ, ಆಮೇಲೆ ಇದೆ ನಿಂಗೆ," ಎಂದು ಒಪ್ಪಿಗೆ ಕೊಟ್ಟಳು.

ಗುರುವಾರ ಬೆಳಿಗ್ಗೆ ಜಪಾನ್ ಯಾತ್ರೆ ಹೊರಟಿತು. ಪೃಥ್ವಿ ಆಫೀಸಿಗೆ ರಜೆ ಹಾಕಿ, ಹಿಂದಿನ ಸಂಜೆಯೆಲ್ಲ ಅಂತರ್ಜಾಲ ಜಾಲಾಡಿ ಜಪಾನನ್ನು ಬಾಯಿಪಾಠ ಮಾಡಿದ್ದ. ಕೈಯಲ್ಲಿ ತನುಶ್ರೀಯ ಕೆಂಪು ಛತ್ರಿ, ಟೂರಿನವರ ಬಾವುಟದ ಹಾಗೆ ಎತ್ತಿ ಹಿಡಿಯಲು. ನಾಲ್ವರ ಮುಖಕ್ಕೂ ಇಂದಿರಮ್ಮ ಬ್ಲೌಸ್ ಪೀಸಿನಲ್ಲಿ ಹೊಲಿದ, ಜರಿ ಅಂಚಿನ ಮಾಸ್ಕ್. ಹೆಜ್ಜೆಗೊಮ್ಮೆ ಪೃಥ್ವಿ ತೀರ್ಥ ಕೊಡುವ ಅರ್ಚಕರ ಹಾಗೆ ಎಲ್ಲರ ಅಂಗೈಗೆ ಸ್ಯಾನಿಟೈಸರ್ ಬಿಡುತ್ತಿದ್ದ. ಅಭ್ಯಾಸಬಲದಿಂದ ಇಂದಿರಮ್ಮ ಮೊದಲ ಸಲ ಅದನ್ನು ತಲೆಗೆ ಸವರಿಕೊಂಡರು.

ಲೈಡನ್‌ಗೆ ಹೋಗುವ ರೈಲು ಹೇಗ್ ನಗರ ದಾಟಿರಲಿಲ್ಲ, ಎದುರುಗಡೆ ಕೂತ ಅಜ್ಜನೊಬ್ಬ 'ಆಕ್ಷೀ' ಎಂದ!

ಪೃಥ್ವಿಯ ಎದೆ ಬೋಗಿಯಿಂದ ಕೆಳಗೆ ಬಿತ್ತು. "ಏಳಿ, ಏಳಿ, ಮುಂದಿನ ಬೋಗಿಗೆ!" ಮುಂದಿನ ಬೋಗಿಯಲ್ಲಿ ಹುಡುಗಿಯೊಬ್ಬಳು ಕೆಮ್ಮಿದಳು. ಅದರ ಮುಂದಿನದರಲ್ಲಿ ಒಬ್ಬ ಮಾಸ್ಕನ್ನು ಗಲ್ಲಕ್ಕೆ ಹಾಕಿಕೊಂಡು ಬ್ರೆಡ್ ತಿನ್ನುತ್ತಿದ್ದ. ಹೀಗೆ ಮುಂದೆ ಮುಂದೆ ಸಾಗಿ, ರೈಲು ಲೈಡನ್ ಸೇರುವಷ್ಟರಲ್ಲಿ ಇವರು ರೈಲಿನೊಳಗೇ ನಡೆದು ಲೈಡನ್ ಸೇರಿದ್ದರು.

"ಟಿಕೆಟ್ ಯಾಕೆ ತಗೊಂಡ್ರಿ ಅಳಿಯಂದ್ರೇ?" ಇಂದಿರಮ್ಮ ಏದುಸಿರು ಬಿಟ್ಟರು. "ಹೆಂಗೂ ನಡ್ಕೊಂಡೇ ಬಂದ್ವಲ್ಲ!"

ಊರೊಳಗಿನ ಒಂದು ಗೋಡೆಯ ಮೇಲೆ ಜಪಾನಿ ಪದ್ಯವೊಂದನ್ನು ದೊಡ್ಡದಾಗಿ ಬರೆದಿದ್ದರು. ಪೃಥ್ವಿ ಛತ್ರಿ ಎತ್ತಿದ. "ಮೊದಲನೇ ಪ್ರೇಕ್ಷಣೀಯ ಸ್ಥಳ! ಜಪಾನಿನ ಮಹಾಕಾವ್ಯ!"

"ಏನಂತ ಬರ್ದಿದೆ?" ಎಂದರು ಇಂದಿರಮ್ಮ.

ಅದೊಂದನ್ನು ಅವನು ಓದಿಕೊಂಡು ಬಂದಿರಲಿಲ್ಲ. "ಅದು ಅತ್ತೆ... ಒಟ್ಟಿನಲ್ಲಿ... ಜೀವನ ಕ್ಷಣಿಕ ಅಂತ."

"ಇಷ್ಟು ಹೇಳೋಕೆ ಒಳ್ಳೇ ಗೋಡೆ ಹಾಳು ಮಾಡ್ಬೇಕಿತ್ತಾ?"

ಎರಡನೆಯದು ಸಸ್ಯೋದ್ಯಾನ. ಕೊರೋನಾ ಕಾಲವಾದ್ದರಿಂದ ಒಳಗೆ ಹೋಗಲು ಮೊದಲೇ ಹೊತ್ತು ಗೊತ್ತು ಮಾಡಿಕೊಂಡಿರಬೇಕಿತ್ತು. ತಡವಾದರೆ ಜಪಾನೇ ಕೈತಪ್ಪುತ್ತದೆಂದು ಪೃಥ್ವಿ ಅತ್ತೆ ಮಾವನನ್ನು ಹೆಚ್ಚುಕಡಿಮೆ ಓಡಿಸಿಕೊಂಡು ಹೋದ. ಹಿಂದೊಮ್ಮೆ ಜಪಾನಿನಲ್ಲಿದ್ದ ವೈದ್ಯನೊಬ್ಬ ಅಲ್ಲಿಂದ ಕಳಿಸಿಕೊಟ್ಟ ಗಿಡಗಳು ಈ ಉದ್ಯಾನದಲ್ಲಿ ಈಗ ಹೆಮ್ಮರಗಳಾಗಿ ನಿಂತಿವೆ. ಮಾರ್ಗದರ್ಶಿ ಪೃಥ್ವಿ ಛತ್ರಿಯನ್ನು ಎಡಕ್ಕೂ ಬಲಕ್ಕೂ ಬೀಸಿದ. "ಇದು ಜಪಾನಿನ ಮರ! ಇದೂ ಜಪಾನಿನ ಮರ! ಅಗೋ ಅದು..."

"ಅದು ಕಸದ ಡಬ್ಬ," ಎಂದಳು ತನುಶ್ರೀ.

ಜಯದೇವರು ಮಾತ್ರ ಇದ್ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಮರವೊಂದರ ಮುಂದೆ ನಿಂತು, ಕೈಗಳನ್ನು ತೊಡೆಗೆ ಒತ್ತಿ, ಸೊಂಟ ಬಗ್ಗಿ ನಮಸ್ಕರಿಸಿದರು. ಕೊರೋನಾ ಶುರುವಾದಾಗಿನಿಂದ ಅವರ ಮುಖದಲ್ಲಿ ಇಲ್ಲದಿದ್ದ ಏನೋ ಒಂದು ಮಾಸ್ಕಿನ ಮೇಲೆಯೇ ಕಾಣುತ್ತಿತ್ತು. ಪೃಥ್ವಿಗೆ ಎದೆ ಉಬ್ಬಿತು. ಉಬ್ಬಿದ ಎದೆಗೆ ದಾರಿ ಕಾಣುವುದಿಲ್ಲವೆಂದು ಅವನಿಗೆ ಸಂಜೆ ತಿಳಿಯುವುದಿತ್ತು.

ಮೂರನೆಯದೇ ಯಾತ್ರೆಯ ಕಳಶ. ಲೈಡನ್‌ನಿಂದ ಬಸ್ಸು ಹಿಡಿದು ಹೋದರೆ ಹಸುಗಳ ಮಧ್ಯೆ ಒಂದು ಹಳ್ಳಿ. ಅಲ್ಲಿ ಹಳೆಯ ಕಾಲದ ಶ್ರೀಮಂತನೊಬ್ಬ ಹಿತ್ತಲಲ್ಲಿ ಮಾಡಿಸಿಟ್ಟ ಜಪಾನಿ ತೋಟ. ಕೆಂಪು ಬಣ್ಣದ ಕಮಾನು ಸೇತುವೆ, ಕಲ್ಲಿನ ದೀಪಗಳು, ಮೆತ್ತನೆ ಪಾಚಿ, ಟೇಪು ಸುತ್ತಿ ಬೀಗ ಜಡಿದ ಚಹಾಮನೆ. ನೆಲದ ಮೇಲೆಲ್ಲ 'ಹೀಗೆ ಹೋಗಿ' ಎನ್ನುವ ಬಾಣದ ಗುರುತುಗಳು. ಜಯದೇವರು ಬಾಗಿಲಲ್ಲೇ ಚಪ್ಪಲಿ ಬಿಡಹೋದರು. ಒಳಗೆ ನಾಲ್ಕು ಹೆಜ್ಜೆ ಇಟ್ಟವರೇ, ಸೇತುವೆ ಬಿಟ್ಟು ದೀಪ ಬಿಟ್ಟು, ಮೂಲೆಯ ಒಂದು ಗಿಡದತ್ತ ಓಡಿದರು.

"ಇಂದಿರಾ! ಇಲ್ನೋಡೇ! ಹಿಪ್ಪುನೇರಳೆ!"

"ಸರ್ವೀಸೆಲ್ಲ ಅದನ್ನೇ ನೋಡಿದ್ರಲ್ಲ. ದೇಶ ಬಿಟ್ಟು ದೇಶಕ್ಕೆ ಬಂದ್ರೂ ಅದೇನಾ?"

"ಎಲೆ ದಪ್ಪ ನೋಡು, ಎಲೆ ದಪ್ಪ!" ಅವರು ಎಲೆಯನ್ನು ಕೀಳದೆ, ಮಗುವಿನ ಕಿವಿಯ ಹಾಗೆ ಎರಡು ಬೆರಳಲ್ಲಿ ಹಿಡಿದು ನೋಡಿದರು.

ಈಗ ಫೋಟೋ. ಇಲ್ಲಿ ಪೃಥ್ವಿ ತನ್ನ ವೃತ್ತಿಕೌಶಲವನ್ನೆಲ್ಲ ಸುರಿದ. ಅತ್ತೆ ಮಾವನನ್ನು ಕೆಂಪು ಸೇತುವೆಯ ಮೇಲೆ ನಿಲ್ಲಿಸಿದ. ಹಿನ್ನೆಲೆಯಲ್ಲಿ ಡಚ್ ಬರಹದ ಹಲಗೆ ಕಂಡಿತು. ಅದರ ಮುಂದೆ ಛತ್ರಿ ಬಿಚ್ಚಿ ತನುಶ್ರೀಯನ್ನು ಕೂರಿಸಿದ. ಬೇಲಿಯಾಚೆ ಸೈಕಲ್ ಹೋಯಿತು. ಅದು ಹೋಗುವವರೆಗೆ ಕಾದ. ಆರೂವರೆ ಅಡಿಯ ಒಂದು ಸಂಸಾರ ಸೇತುವೆಯತ್ತ ಬಂತು. ಕೈಮುಗಿದು ಅವರನ್ನು ಹಿಂದಕ್ಕೆ ಕಳಿಸಿದ. ಒಂದು ಬಾತುಕೋಳಿಯ ಮುಖಚಹರೆಯೂ ಅವನಿಗೆ ಡಚ್ ಅನ್ನಿಸಿ, ಅದನ್ನೂ ಓಡಿಸಿದ. ಫೋಟೋದಲ್ಲಿ ಹಾಲೆಂಡು ಸಾಸಿವೆಯಷ್ಟೂ ಕಾಣಬಾರದು! ಕಾಣಲಿಲ್ಲ. ತೆಗೆದದ್ದೆಲ್ಲವೂ ಅಪ್ಪಟ ಜಪಾನು.

ಮಾವನ ವಾಟ್ಸಾಪ್ ಸ್ಟೇಟಸ್ಸಿಗೆ ಅವನೇ ಅದನ್ನು ಏರಿಸಿ, ಕೆಳಗೆ ಅವನೇ ಬರೆದ: 'ಕೊನೆಗೂ ಜಪಾನ್! ಕನಸು ನನಸಾಯಿತು!'

ಜಯದೇವರು ಕನ್ನಡಕ ಸರಿಮಾಡಿಕೊಂಡರು. "ಜಪಾನಿ ತೋಟ ಅಂತ ಹಾಕೋಣ ಅಳಿಯಂದ್ರೇ. ಸುಳ್ಳಾಗ್ಬಾರ್ದು ನೋಡಿ."

"ಸುಳ್ಳೆಲ್ಲಿದೆ ಮಾವ? ಮಣ್ಣು ಹಾಲೆಂಡಿಂದು, ಭಾವ ಜಪಾನಿಂದು! ಬಸವಂತಪ್ಪನವರಿಗೆ ಸ್ಥಳಪುರಾಣ ಯಾಕೆ?"

ಹೇಳಿ ಬಾಯಿ ಮುಚ್ಚಿರಲಿಲ್ಲ, ಬಸವಂತಪ್ಪನವರ ಫೋನು ಬಂದೇ ಬಿಟ್ಟಿತು. "ಏನಪಾ ಜಯದೇವಾ, ಜಪಾನ ಮುಟ್ಟಿಬಿಟ್ಟೀಯಲ್ಲೋ! ಈ ಕೊರೋನಾದಾಗ ನಿನ್ನ ಯಾರು ಬಿಟ್ರೋ ಮಾರಾಯಾ? ಏನ್ ಸೇತುವಿ ಅದು, ಏನ್ ಚಂದ ಐತಿ! ನಾವು ಜಪಾನಿನ್ಯಾಗ ಇದ್ದಾಗ ಇಂಥಾದ್ದು ನೋಡಿದ್ದಿಲ್ಲ ಬಿಡು!"

ಜಯದೇವರು "ಅದು, ಹಂಗಲ್ಲಪ್ಪಾ..." ಎಂದು ಶುರುಮಾಡಿದರು. ಆದರೆ 'ನೋಡಿದ್ದಿಲ್ಲ ಬಿಡು' ಎಂಬ ಮಾತು ಅಷ್ಟರಲ್ಲಿ ಕಿವಿಯೊಳಗೆ ಇಳಿದು ಜೇನಾಗಿತ್ತು. "ಎಲ್ಲಾ ಅಳಿಯಂದ್ರ ದಯೆ," ಎಂದು ಮುಗಿಸಿದರು. ಗೇಟಿನಾಚೆಯ ಬೆಂಚಿನ ಮೇಲೆ ಅಂದು ಪುಳಿಯೋಗರೆಯನ್ನು ಅವರು ಮೂರು ಸಲ ಹಾಕಿಸಿಕೊಂಡರು. ಪೃಥ್ವಿ ಹೆಂಡತಿಯತ್ತ ಹುಬ್ಬು ಹಾರಿಸಿದ. ಸೀನಿಲ್ಲ, ಕೆಮ್ಮಿಲ್ಲ, ಜಪಾನು ಮುಗಿಯಿತು!

ಬಸ್ ನಿಲ್ದಾಣಕ್ಕೆ ಹುಲ್ಲುಗಾವಲಿನ ನಡುವೆ ಒಂದು ಕಾಲುದಾರಿ. ನಾಲ್ವರೂ ಸಾಲಾಗಿ ಹೋಗುತ್ತಿದ್ದಾಗ ಇಂದಿರಮ್ಮನ ಫೋನು ಹಾಡಿತು. ವಿಡಿಯೋ ಕರೆ. ಪರದೆಯ ತುಂಬ ಬೀಗಿತ್ತಿ ಗಿರಿಜಮ್ಮ. ಹಿಂದೆ ದೇವರ ಮನೆಯ ದೀಪ, ಮುಂದೆ ಅದಕ್ಕಿಂತ ಪ್ರಜ್ವಲಿಸುವ ನಗು.

"ಇಂದಿರಮ್ಮನವರೇ, ಪ್ರಯಾಣ ಸುಖವಾಯ್ತಾ?"

"ಯಾವ ಪ್ರಯಾಣ? ನಾವು ಹೊರಡೋದು ಭಾನುವಾರ ಅಲ್ವೇ?"

"ಜಪಾನಿನ ಪ್ರಯಾಣ! ಬೀಗರ ಸ್ಟೇಟಸ್ ನೋಡಿದೆ. ಬಹಳ ಚೆನ್ನಾಗಿದೆ. ನಿಮ್ಮ ಸೀರೆ ಸೇತುವೆಗೆ ಒಪ್ಪಿದೆ."

ಇಂದಿರಮ್ಮನ ಮುಖದ ಬಣ್ಣ ಇಳಿಯಿತು. "ಅಯ್ಯೋ ಇಲ್ಲ ಬೀಗಿತ್ತಿ, ಇದು ಇಲ್ಲೇ, ಹಾಲೆಂಡಲ್ಲೇ ಒಂದು ತೋಟ..."

"ಸೀಮಂತಕ್ಕೆ ಬರೋಕೆ ಪಾಪ ನಿಮಗೆ ವಿಮಾನಾನೇ ಇರ್ಲಿಲ್ಲ. ಜಪಾನಿಗೆ ಸಿಕ್ತು. ಏನ್ಮಾಡೋಕಾಗುತ್ತೆ, ವಿಮಾನದೋರು ಅವರಿಗೆ ತೋಚಿದ ಕಡೆ ಬಿಡ್ತಾರೆ." ಗಿರಿಜಮ್ಮನ ದನಿ ಏರಲೇ ಇಲ್ಲ; ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ನೀವು ಅವಸರ ಮಾಡ್ಕೋಬೇಡಿ. ಹಾಲೆಂಡಿಗೆ ಅಂತ ಹದಿನಾಲ್ಕು ದಿನ, ಜಪಾನಿಗೆ ಅಂತ ಇನ್ನೊಂದು ಹದಿನಾಲ್ಕು ದಿನ, ನೆಮ್ಮದಿಯಾಗಿ ಕ್ವಾರಂಟೈನಲ್ಲಿ ಕೂತಿರಿ. ಅಷ್ಟರಲ್ಲಿ ಮಗೂಗೆ ಹೆಸರಿಟ್ಟಿರ್ತೀವಿ. ಭಾವನಾನ ಎಲ್ಲಿಗೂ ಕಳಿಸಲ್ಲ. ಎರಡೆರಡು ದೇಶ ಸುತ್ತಿ ಬಂದೋರ ಕೈಗೆ ಬಾಣಂತೀನ ಕೊಡೋಕಾಗುತ್ತಾ? ನಾನೇ ಮಾಡ್ಕೋತೀನಿ. ಬಾಣಂತಿ ಖಾರ ಕುಟ್ಟೋಕೆ ಹೇಳಿಯಾಗಿದೆ."

ಇಂದಿರಮ್ಮ ಫೋನನ್ನು ಎದೆಗೆ ಒತ್ತಿಕೊಂಡು ಹುಲ್ಲಿನ ಮೇಲೆ ಕುಸಿದು ಕುಳಿತರು. ಜರಿ ಅಂಚಿನ ಮಾಸ್ಕು ಕಣ್ಣೀರಿಗೆ ಒದ್ದೆಯಾಯಿತು. "ಏನ್ರೀ, ನನ್ನ ಮಗಳಿಗೆ ನಾನು ನೀರು ಹಾಕೋ ಹಾಗಿಲ್ವೇನ್ರೀ?"

ಜಯದೇವರು ಅಳಿಯನ ಮುಖ ನೋಡಿದರು. ತನುಶ್ರೀಯೂ ನೋಡಿದಳು. ಬೇಲಿಯಾಚೆಯ ಹಸುಗಳೂ ಮೇಯುವುದನ್ನು ಬಿಟ್ಟು ನೋಡಿದವು. ಸ್ಟೇಟಸ್ ಬರೆದವನು ಪೃಥ್ವಿ. ಫೋಟೋ ತೆಗೆದವನು ಅವನು. ಬಾತುಕೋಳಿಯನ್ನು ಓಡಿಸಿದವನೂ ಅವನೇ!

ಅವನು ಫೋನು ಈಸಿಕೊಂಡ. "ಅಮ್ಮಾ, ನಾನು ಪೃಥ್ವಿ. ತಪ್ಪೆಲ್ಲಾ ನಂದು..."

"ಓಹೋ, ಟೂರ್ ಮ್ಯಾನೇಜರು!"

"ದೇವರಾಣೆಗೂ ನಾವು ಹಾಲೆಂಡಲ್ಲೇ ಇದೀವಮ್ಮ. ಬೇಕಾದ್ರೆ ಬೇರೆ ಫೋಟೋ ಕಳಿಸ್ತೀನಿ ನೋಡಿ."

ತನ್ನ ಫೋನು ತೆಗೆದು ಬೆರಳಾಡಿಸಿದ. ಸೇತುವೆ. ದೀಪ. ಪಾಚಿ. ಮತ್ತೆ ಸೇತುವೆ. ಹಾಲೆಂಡಿನ ಒಂದು ಸೈಕಲ್ಲಿಲ್ಲ, ಒಂದು ಅಕ್ಷರವಿಲ್ಲ, ಒಂದು ಉದ್ದನೆಯ ಮನುಷ್ಯನಿಲ್ಲ! ತನ್ನ ನಿರಪರಾಧಿತ್ವದ ಸಾಕ್ಷಿಗಳನ್ನೆಲ್ಲ ಆರಿಸಿ ಆರಿಸಿ ತಾನೇ ಓಡಿಸಿದ್ದ.

ಆಗ ಅವನ ತಲೆಯಲ್ಲಿ ದಿವ್ಯಜ್ಞಾನ ಮಿಂಚಿತು. "ಅಮ್ಮಾ! ಜಪಾನಲ್ಲಿ ಈಗ ಕಗ್ಗತ್ತಲು. ಇಲ್ಲಿ ನೋಡಿ, ಸೂರ್ಯ ಹೊಳೀತಿದಾನೆ!"

"ಜಪಾನ್ ಅಂದ್ರೇನೇ ಸೂರ್ಯ ಹುಟ್ಟೋ ನಾಡಂತೆ. ನಾವೂ ಹೈಸ್ಕೂಲು ಓದಿದೀವಿ. ಅಲ್ಲಿಲ್ದೆ ಇನ್ನೆಲ್ಲಿರ್ತಾನೆ ಸೂರ್ಯ?"

"ಹಸು! ಹಸು ನೋಡಿ ಅಮ್ಮಾ, ಕಪ್ಪು ಬಿಳುಪು!"

"ಜಪಾನಿನೋರು ಹಾಲು ಕುಡಿಯಲ್ವಾ?"

"ಗಾಳಿಯಂತ್ರ!" ಪೃಥ್ವಿ ಕಿರುಚಿದ. ದೂರದಲ್ಲಿ, ಹುಲ್ಲುಗಾವಲಿನ ಅಂಚಿನಲ್ಲಿ, ನಿಜವಾಗಿಯೂ ಒಂದು ಗಾಳಿಯಂತ್ರ ನಿಂತಿತ್ತು. "ಗಾಳಿಯಂತ್ರ ನೋಡಿದ್ರೆ ನಂಬ್ತೀರಾ?"

ಗಿರಿಜಮ್ಮ ಒಂದು ಕ್ಷಣ ಯೋಚಿಸಿದರು. "ಬರೀ ಯಂತ್ರ ತೋರಿಸಿದ್ರೆ ಒಪ್ಪಲ್ಲ. ಅದನ್ನ ಟೀವೀಲೂ ತೋರಿಸ್ತಾರೆ. ಬೀಗರಿಬ್ಬರೂ ಅದರ ಜೊತೆಗೆ ನಿಂತಿರ್ಬೇಕು."

ಪೃಥ್ವಿ ಅತ್ತೆಯನ್ನು ಎಬ್ಬಿಸಿ, ಮಾವನ ಪಕ್ಕಕ್ಕೆ ನಿಲ್ಲಿಸಿ, ಎದುರು ನಿಂತು ಕ್ಯಾಮೆರಾ ತಿರುಗಿಸಿ ಹಿಡಿದ.

"ಇಂದಿರಮ್ಮನವರ ತಲೆ ಕಾಣ್ತಿದೆ. ಯಂತ್ರ ಎಲ್ಲಿ?" ಎಂದಿತು ಫೋನು.

ಅವನು ಹಿಂದೆ ಸರಿದ.

"ಒಂದು ರೆಕ್ಕೆ ಕಾಣ್ತಿದೆ. ಬೀಗರು ತುಂಡಾದ್ರು. ಇನ್ನೂ ಸ್ವಲ್ಪ ಹಿಂದೆ ಹೋಗಿ."

ಹೋದ.

"ಎರಡು ರೆಕ್ಕೆ. ಹೋಗಿ, ಹೋಗಿ."

"ಪೃಥ್ವೀ, ಹಿಂದೆ..." ಎಂದು ತನುಶ್ರೀ ಕೂಗಿದಳು.

"ಹೋಗ್ತಾನೇ ಇದೀನಿ ಕಣೇ!"

ಆ ದೇಶದಲ್ಲಿ ಹೊಲಹೊಲದ ನಡುವೆಯೂ ಒಂದು ಹಳ್ಳ ತೋಡಿರುತ್ತಾರೆ. ಬೇಸಿಗೆ ಮುಗಿಯುವ ಹೊತ್ತಿಗೆ ಕಾಳಿನಷ್ಟು ಪುಟ್ಟ ಎಲೆಗಳ ಹಸಿರು ಅದರ ನೀರನ್ನೆಲ್ಲ ಒತ್ತಾಗಿ ಮುಚ್ಚಿ, ದಡದ ಹುಲ್ಲು ಯಾವುದು ಹಳ್ಳ ಯಾವುದು ಎಂದು ತಿಳಿಯದ ಹಾಗೆ ಹಾಸಿಕೊಳ್ಳುತ್ತದೆ. ಅಲ್ಲಿನ ಮಕ್ಕಳಿಗೆ ಇದು ಗೊತ್ತು. ಹಸುಗಳಿಗೂ ಗೊತ್ತು. ಸಾಫ್ಟ್‌ವೇರ್ ಟೆಸ್ಟರುಗಳಿಗೆ ಗೊತ್ತಿರುವುದಿಲ್ಲ. ನುಣ್ಣನೆಯ ಹಸಿರಿನ ಮೇಲೆ ಪೃಥ್ವಿ ಘನವಾದ ಒಂದು ಹೆಜ್ಜೆ ಇಟ್ಟ.

ಬುಳುಂಕ್!

ಭೂಮಿ ಅವನನ್ನು ನುಂಗಿತು. ಹಸಿರಿನ ಮೇಲೆ ಕಾಣುತ್ತಿದ್ದುದು ಒಂದೇ ಒಂದು ಕೈ. ಅದರ ತುದಿಯಲ್ಲಿ ಅತ್ತೆಯ ಫೋನು.

"ಹಲೋ? ಹಲೋ? ಎಲ್ಲಿ ಹೋದ್ರಿ? ಆಕಾಶ ಮಾತ್ರ ಕಾಣ್ತಿದೆ!"

ತನುಶ್ರೀ ಓಡಿಬಂದು ದಡದಲ್ಲಿ ಮಂಡಿಯೂರಿದಳು. ಅಷ್ಟರಲ್ಲಿ ಎದ್ದು ನಿಂತ ಪೃಥ್ವಿಗೆ, ಎಷ್ಟಾದರೂ ಕಟ್ಟಿಕೊಂಡವಳು ಎಂದು ಕಣ್ಣು ತುಂಬಿ ಬಂತು. ಅವಳು ಕೈ ಚಾಚಿ, ಹುಷಾರಾಗಿ, ಫೋನನ್ನು ಕಿತ್ತುಕೊಂಡಳು. ಆಮೇಲೆ ಅದರ ಕ್ಯಾಮೆರಾವನ್ನು ಗಂಡನತ್ತ ತಿರುಗಿಸಿ ಹಿಡಿದಳು.

ನೀರು ಮೊಣಕಾಲಿಗಿಂತ ಹೆಚ್ಚಿರಲಿಲ್ಲ. ಅಂಗಾತ ಬಿದ್ದದ್ದರಿಂದ ಮಾತ್ರ ತಲೆ ಮುಳುಗಿತ್ತು. ತಲೆಯಿಂದ ಸೊಂಟದವರೆಗೆ ಹಸಿರು ಅಂಟಿಕೊಂಡು ಪೃಥ್ವಿ ಈಗಷ್ಟೆ ಮೊಳೆತವನಂತೆ ನಿಂತಿದ್ದ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಉದ್ದನೆಯ ಹೆಂಗಸೊಬ್ಬಳು ಕಾಲೂರಿ ನಿಂತು, ಕ್ಷೇಮವೇ ಸ್ವಾಮಿ ಎಂದು ಕಾಯಿಲೆಯವರನ್ನು ವಿಚಾರಿಸುವ ದನಿಯಲ್ಲಿ "ಖಾತ್ ಹೆಟ್, ಮನೇರ್?" ಎಂದಳು. ಪೃಥ್ವಿ ಪರವಾಗಿಲ್ಲವೆಂದು ತಲೆಯಾಡಿಸಿದ. ತಲೆಯಿಂದ ಎಲೆಗಳು ಉದುರಿದವು.

ಇಂದಿರಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಆಮೇಲೆ ಮೈಸೂರಿನಲ್ಲಿ ನಗೆಯ ಕಟ್ಟೆ ಒಡೆಯಿತು.

"ಭಾವನಾ! ಬಾರಮ್ಮ ಇಲ್ಲಿ, ಬೇಗ ಬಾ! ನಿಮ್ಮ ಭಾವ ಹಳ್ಳದಲ್ಲಿದಾರೆ!"

"ಎಲ್ಲಿ? ಅಯ್ಯೋ! ಅಯ್ಯೋ ಅತ್ತೆ, ಆ ಕಡೆ ತಿರುಗಿಸಿ, ನಂಗೆ ನಗೋಕಾಗಲ್ಲ, ಹೊಟ್ಟೆ ಹಿಡ್ಕೋತಿದೆ!"

ಇಂದಿರಮ್ಮ ಚಿಗರೆಯ ಹಾಗೆ ಹಾರಿ ಬಂದು ಫೋನು ಕಸಿದುಕೊಂಡರು. "ಭಾವನಾ! ಹಾಗೆಲ್ಲ ಜೋರಾಗಿ ನಗಬೇಡ ಕಣೇ! ಕೂತ್ಕೋ! ಎಡಗಡೆ ಒರಗಿ ಕೂತ್ಕೋ! ಬಿಸಿನೀರು ಕುಡಿ!"

"ಕೂರಿಸಿದೀನಿ, ಕೂರಿಸಿದೀನಿ, ಗಾಬರಿಯಾಗ್ಬೇಡಿ," ಗಿರಿಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಈ ಸಲದ ನಗು ದೇವರ ಮನೆಯ ದೀಪಕ್ಕೆ ಪೈಪೋಟಿ ಕೊಡುವ ನಗುವಾಗಿರಲಿಲ್ಲ. "ನೋಡಿ, ಬಿಸಿನೀರು ಕೊಡ್ಬೇಕು ಅಂತ ನಂಗೆ ತೋಚಲೇ ಇಲ್ಲ. ನೀವು ಭಾನುವಾರ ಮೊದಲು ಹೊರಟು ಬನ್ನಿ. ಖಾರ ಕುಟ್ಟಿಸಿ ನಿಮ್ಮನೆಗೇ ಕಳಿಸ್ತೀನಿ. ನಿಮ್ಮ ಮಗಳು, ನಿಮ್ಮ ಬಾಣಂತನ."

ಇಂದಿರಮ್ಮನಿಗೆ ಇನ್ನೂ ನಂಬಿಕೆ ಸಾಲದು. "ಹಾಗಾದ್ರೆ ನಾವು ಜಪಾನಿಗೆ ಹೋಗಿಲ್ಲ ಅನ್ನೋದು ನಿಜ ಅನ್ನಿಸ್ತಾ ಬೀಗಿತ್ತಿ? ಗಾಳಿಯಂತ್ರ ಪೂರ್ತಿ ಕಾಣಿಸ್ತಾ?"

"ಗಾಳಿಯಂತ್ರ ಯಾರಿಗೆ ಬೇಕ್ರೀ!" ಎಂದರು ಗಿರಿಜಮ್ಮ. "ಮೊಣಕಾಲುದ್ದದ ಹಳ್ಳ ದಾಟೋಕಾಗದ ಅಳಿಯ, ನಿಮ್ಮಿಬ್ಬರನ್ನೂ ಸಮುದ್ರ ದಾಟಿಸಿ ಜಪಾನಿಗೆ ಕರ್ಕೊಂಡು ಹೋದ ಅಂದ್ರೆ, ಹುಟ್ಟೋ ಮಗೂನೂ ನಂಬಲ್ಲ!"

ಪೃಥ್ವಿ ಹಳ್ಳದೊಳಗಿಂದಲೇ ಕೈಮುಗಿದ.